ಟವಲ್ ನನ್ನ ಕೈಯಲ್ಲಿತ್ತು

ಬೆಳಿಗ್ಗೆ ಏಳೂವರೆಗೆ ಅಕ್ಕ ತೂಕದ ಯಂತ್ರದ ಮೇಲೆ ನಿಂತಳು. ಎಂಬತ್ತು ಕೆಜಿ ಏಳುನೂರು ಗ್ರಾಂ ತೋರಿಸಿತು. ಬೇಕಿದ್ದದ್ದು ಎಂಬತ್ತೊಂದಕ್ಕಿಂತ ಹೆಚ್ಚು. ರಾಜ್ಯ ಮಟ್ಟದ ಮಹಿಳಾ ಬಾಕ್ಸಿಂಗ್‌ನ ಹೆವಿವೇಟ್ ಫೈನಲ್ ಇದ್ದದ್ದು ಮಧ್ಯಾಹ್ನ ಮೂರಕ್ಕೆ. ಎಂಟು ಗಂಟೆಯೊಳಗೆ ತೂಕ ಬರದಿದ್ದರೆ ರಿಂಗ್ ಹತ್ತುವ ಮೊದಲೇ ಸೋತ ಹಾಗೆ.

ಚಾಮರಾಜನಗರದ ಕ್ರೀಡಾಂಗಣದ ಆ ಕೋಣೆಯಲ್ಲಿ ಬೇರೆ ಹುಡುಗಿಯರೆಲ್ಲ ತೂಕ ಇಳಿಸಲು ಒದ್ದಾಡುತ್ತಿದ್ದರು. ಒಬ್ಬಳು ಎರಡು ಸ್ವೆಟರ್ ಹಾಕಿಕೊಂಡು ವರಾಂಡದಲ್ಲಿ ಓಡುತ್ತಿದ್ದಳು. ಇನ್ನೊಬ್ಬಳು ಹಿಂದಿನ ಮಧ್ಯಾಹ್ನದಿಂದ ನೀರು ಮುಟ್ಟಿರಲಿಲ್ಲವಂತೆ, ತುಟಿ ಒಡೆದಿತ್ತು. ಅವರೆಲ್ಲ ನೋಡುತ್ತಿರುವಾಗಲೇ ನಾನು ನೇಂದ್ರ ಬಾಳೆಹಣ್ಣು ಸುಲಿದು ಸುಲಿದು ಅಕ್ಕನ ಕೈಗೆ ಕೊಡುತ್ತಿದ್ದೆ. ಅವಳು ಅಗಿಯುತ್ತ, ನಡುನಡುವೆ ನೀರು ಕುಡಿಯುತ್ತ, ಗೋಡೆಯ ಗಡಿಯಾರದಿಂದ ಕಣ್ಣು ತೆಗೆಯದೆ ಕೂತಿದ್ದಳು.

"ಉಟ್ದಾಗಿಂದ ದಪ್ಪ ದಪ್ಪ ಅಂತ ಎಲ್ರೂ ಆಡ್ಕಂಡ್ರು ಕಣಮ್ಮಿ. ಇವತ್ತು ಬೇಕು ಅಂದ್ರೆ ಎಲ್ಲೋಯ್ತು ನೋಡು," ಅಂದಳು ತುಂಬಿದ ಬಾಯಲ್ಲೇ.

ಎಂಟಕ್ಕೆ ಐದು ನಿಮಿಷವಿದ್ದಾಗ ಮತ್ತೆ ಹತ್ತಿದಳು. ಎಂಬತ್ತೊಂದು ಕೆಜಿ ಇನ್ನೂರು ಗ್ರಾಂ. ಬರೆದುಕೊಳ್ಳುತ್ತಿದ್ದ ಮೇಡಂ ತಲೆಯೆತ್ತಿ ನಕ್ಕರು. ನನಗೆ ನಗು ಬರಲಿಲ್ಲ. ನಿಜ ಹೇಳಬೇಕೆಂದರೆ ಆ ಯಂತ್ರ ಎಂಬತ್ತೊಂದು ದಾಟದಿರಲಿ ಎಂದು ಒಳಗೊಳಗೇ ಬೇಡಿಕೊಂಡಿದ್ದೆ.

ಅದಕ್ಕೆ ಕಾರಣ ಎದುರಾಳಿ. ಬೆಂಗಳೂರಿನವಳು, ಪೊಲೀಸ್ ಕೆಲಸದಲ್ಲಿದ್ದವಳು. ನಾಲ್ಕು ವರ್ಷದಿಂದ ಆ ಪಟ್ಟ ಅವಳದೇ. ಹಿಂದಿನ ದಿನ ಸೆಮಿಫೈನಲ್‌ನಲ್ಲಿ ಅಕ್ಕ ಮೂರೂ ಸುತ್ತು ತಿಣುಕಾಡಿ ಗೆದ್ದಿದ್ದಳು. ಈ ಬೆಂಗಳೂರಿನವಳು ತನ್ನ ಎದುರಿಗೆ ಬಂದವಳನ್ನು ಒಂದು ನಿಮಿಷ ತುಂಬುವ ಮೊದಲೇ ಹಗ್ಗದ ಮೇಲೆ ಕೆಡವಿದ್ದಳು. ಬಿದ್ದ ಹುಡುಗಿಯನ್ನು ಇಬ್ಬರು ಹಿಡಿದು ಕರೆತಂದು ಬೆಂಚಿನ ಮೇಲೆ ಕೂರಿಸಿದಾಗ ನಾನು ಪಕ್ಕದಲ್ಲಿದ್ದೆ. "ಇವತ್ತು ಯಾವ ವಾರ?" ಎಂದು ಆ ಹುಡುಗಿ ನನ್ನನ್ನು ಮೂರು ಸಲ ಕೇಳಿದಳು. ಮೂರು ಸಲವೂ ಹೇಳಿದೆ.

ನಾನು ಗುಂಡ್ಲುಪೇಟೆಯ ಒಂದು ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್. ತಲೆಗೆ ಪೆಟ್ಟು ಬಿದ್ದವರನ್ನು ದಿನಾ ನೋಡುವವಳು. ಹೆದ್ದಾರಿಯ ಊರು, ಬೈಕಿನಿಂದ ಬೀಳುವವರಿಗೆ ಬರವಿಲ್ಲ. ಅಕ್ಕ ನನಗಿಂತ ನಾಲ್ಕು ವರ್ಷ ದೊಡ್ಡವಳು, ಆಗ ಇಪ್ಪತ್ತೊಂಬತ್ತು. ಅದೇ ಊರಿನ ಈರುಳ್ಳಿ ಮಂಡಿಯಲ್ಲಿ ತೂಕ ಹಾಕಿಸಿ ಲಾರಿಗೆ ಲೋಡು ಕಳಿಸುವ ಕೆಲಸ ಅವಳದು. ಹೆಣ್ಣು ನೋಡಲು ಬಂದವರು ಅವಳ ಗಾತ್ರ ನೋಡಿ ಕಾಫಿ ಕುಡಿದು ಎದ್ದುಹೋಗುತ್ತಿದ್ದರು. ಮೂರನೆಯವರು ಹಾಗೆ ಎದ್ದುಹೋದ ಮೇಲೆ ಅವಳು ಅಮ್ಮನಿಗೆ, "ಇನ್ನ ಯಾರ್ನೂ ಕರೀಬ್ಯಾಡ ಕಣವ್ವ, ಕಾಪಿಪುಡಿ ದಂಡ," ಅಂದುಬಿಟ್ಟಿದ್ದಳು.

ಒಂದು ದಿನ ಕೇರಳಕ್ಕೆ ಲಾರಿ ಹೊರಡುವ ಹೊತ್ತಿಗೆ ಇಬ್ಬರು ಹಮಾಲಿಗಳು ಬಂದಿರಲಿಲ್ಲ. ಅಕ್ಕ ವೇಲನ್ನು ಸೊಂಟಕ್ಕೆ ಬಿಗಿದು ತಾನೇ ಮೂಟೆ ಎತ್ತಿ ಕೊಡತೊಡಗಿದಳು. ಈರುಳ್ಳಿ ಕೊಳ್ಳಲು ಬಂದಿದ್ದ ಒಬ್ಬ ಮುದುಕರು ಚೀಲ ಕೈಯಲ್ಲಿ ಹಿಡಿದು ನೋಡುತ್ತ ನಿಂತರಂತೆ. ಸೈನ್ಯದಿಂದ ನಿವೃತ್ತರಾದವರು, ಚಾಮರಾಜನಗರದಲ್ಲಿ ಮಕ್ಕಳಿಗೆ ಬಾಕ್ಸಿಂಗ್ ಹೇಳಿಕೊಡುವವರು. ಎಲ್ಲರೂ ಅವರನ್ನು ಸುಬೇದಾರ್ರು ಅಂತಲೇ ಕರೆಯುವುದು.

"ಏನವ್ವಾ, ಈ ತೋಳಿಗೆ ಬ್ಯಾರೆ ಕೆಲ್ಸ ಕೊಡ್ತೀನಿ, ಬತ್ತೀಯಾ?" ಎಂದು ಕೇಳಿದರಂತೆ.

"ಯಾವ ಮಂಡಿ ಸಾಮಿ ನಿಮ್ದು?" ಅಂದಳಂತೆ ಅಕ್ಕ.

ಹಾಗೆ ಶುರುವಾದದ್ದು ಎರಡೂವರೆ ವರ್ಷ ನಡೆಯಿತು. ಮಂಡಿಯ ಕೆಲಸ ಮುಗಿಸಿ ಮಧ್ಯಾಹ್ನದ ಬಸ್ಸು ಹಿಡಿದು ತೆರಕಣಾಂಬಿ ಮೇಲೆ ಚಾಮರಾಜನಗರ, ಅಭ್ಯಾಸ ಮುಗಿಸಿ ಸಂಜೆಯ ಬಸ್ಸಿಗೆ ವಾಪಸು. ಸೀಟು ಸಿಕ್ಕರೆ ಕಂಬಿಗೆ ತಲೆಯಿಟ್ಟು ನಿದ್ದೆ ಹೊಡೆಯುತ್ತಿದ್ದಳು. ಮೊದಲ ವರ್ಷ ಆಡಿದ ಕಡೆಯೆಲ್ಲ ಸೋತಳು. ಅಮ್ಮನಿಗೆ ಇದು ಕಣ್ಣಿನಲ್ಲಿ ಬಿದ್ದ ಕಸದ ಹಾಗಿತ್ತು. ಫೈನಲ್ ದಿನ ಮನೆಯಲ್ಲಿ ಕೂರಲಾರದೆ ಪಕ್ಕದ ಮನೆಯವರ ಜೊತೆ ಗೋಪಾಲಸ್ವಾಮಿ ಬೆಟ್ಟಕ್ಕೆ ಹೊರಟಳು. ಅಲ್ಲಿ ಮೊಬೈಲಿಗೆ ಸಿಗ್ನಲ್ ಸಿಗುವುದಿಲ್ಲ. ಅದಕ್ಕೇ ಹೋಗಿದ್ದು ಅಂತ ಕಾಣುತ್ತದೆ.

ಎರಡೂವರೆಗೆ ಬಟ್ಟೆ ಬದಲಿಸುವ ಕೋಣೆಯ ಹೊರಗೆ ಸುಬೇದಾರ್ರು ನನ್ನನ್ನು ಕರೆದರು. ಅವರಿಗೆ ಎಡಗಿವಿ ಕೇಳಿಸುವುದಿಲ್ಲ, ಬಲಗಡೆ ಹೋಗಿ ನಿಂತೆ. ಅಕ್ಕನ ಮೂಲೆಯಲ್ಲಿ ಅವರ ಜೊತೆ ಇರಬೇಕಾದ ಸಹಾಯಕಿ ನಾನೇ ಎಂದು ಮೊದಲೇ ತೀರ್ಮಾನವಾಗಿತ್ತು. ನೀರು ಕುಡಿಸುವುದು, ರಕ್ತ ಒರೆಸುವುದು, ಅಷ್ಟೇ ಅಂದುಕೊಂಡಿದ್ದೆ. ಅವರು ಬಿಳಿ ಟವಲೊಂದನ್ನು ಮಡಿಸಿ ನನ್ನ ಕೈಗಿಟ್ಟರು.

"ಇದ್ನ ಒಳಕ್ಕೆ ಎಸೆದ್ರೆ ಆಟ ಮುಗೀತು. ನಾವೇ ಸೋಲು ಒಪ್ಪಿದಂಗೆ. ಇದು ನಿಮ್ ತಾವೇ ಇರ್ಲಿ ಸಿಸ್ಟರ್," ಅಂದರು.

"ನೀವಿರೋವಾಗ ನಾನ್ಯಾಕೆ ಸಾರ್?"

"ನಾನು ಆಡ್ದೋನು. ರಿಂಗ್ ಪಕ್ಕ ನಿಂತ್ರೆ ನನ್ನ ಕಣ್ಗೆ ಗೆಲ್ಲೋದೊಂದೇ ಕಾಣೋದು." ಕಿವಿ ಮುಟ್ಟಿಕೊಂಡರು. "ಈ ಕಿವಿ ಹೋದ ದಿನ ನಾನು ಗೆದ್ದಿದ್ದೆ. ನನ್ನ ಮೂಲೇಲಿದ್ದೋನು ಟವಲ್ ಎಸೀಲಿಲ್ಲ. ಸರಿ ಮಾಡ್ದನಾ ತಪ್ಪು ಮಾಡ್ದನಾ, ಇವತ್ಗೂ ನಂಗೆ ಗೊತ್ತಿಲ್ಲ. ನೀವು ತಲೆಗೆ ಬಿದ್ದ ಏಟು ಕಂಡಿರೋರು. ಎಸೀಬೇಕು ಅನ್ನಿಸ್ದಾಗ ಎಸೀರಿ. ನನ್ನ ಕೇಳ್ಬ್ಯಾಡಿ."

ಒಳಗಿಂದ ಅಕ್ಕ ಎಲ್ಲ ಕೇಳಿಸಿಕೊಂಡಿದ್ದಳು. ಗ್ಲೌಸು ಕಟ್ಟಿಸಿಕೊಳ್ಳುತ್ತ ನನ್ನ ಮುಖ ನೋಡದೆ ಅಂದಳು: "ಸೋತ್ರೆ ನಾನ್ ಸೋತ್ಕತೀನಿ. ನೀನ್ ಸೋಲಿಸ್ಬ್ಯಾಡ."

ಒಳಾಂಗಣದ ಶೀಟಿನ ಚಾವಣಿಯಡಿ ಸೆಕೆ ಕುದಿಯುತ್ತಿತ್ತು. ಮಂಡಿಯವರು ಒಂದು ಗೂಡ್ಸ್ ಟೆಂಪೋ ತುಂಬ ಬಂದಿದ್ದರು. ಹಮಾಲಿಗಳು, ಟೀ ಅಂಗಡಿಯವನು, ತರಕಾರಿ ಕೊಳ್ಳಲು ಬರುವ ಒಬ್ಬ ಮಲಯಾಳಿ. "ಬುಡ್ಬ್ಯಾಡ ಕಣಕ್ಕೋ!" ಎಂದು ಅವರು, "ಚೇಚೀ! ಚೇಚೀ!" ಎಂದು ತನ್ನ ಭಾಷೆಯಲ್ಲಿ ಅಕ್ಕ ಅನ್ನುತ್ತ ಇವನು. ಉಳಿದ ಜನಕ್ಕೆಲ್ಲ ಇದು ಬೇಗ ಮುಗಿಯುವ ಆಟ. ನನ್ನ ಹಿಂದಿನ ಸಾಲಿನಲ್ಲಿ ಒಬ್ಬಾತ ಫೋನಿನಲ್ಲಿ, "ಐದೇ ನಿಮಿಷ, ಇದೊಂದು ಮುಗಿದ್ರೆ ಬಂದೆ," ಅನ್ನುತ್ತಿದ್ದ.

ಒಟ್ಟು ಮೂರು ಸುತ್ತು. ಒಂದೊಂದು ಮೂರು ನಿಮಿಷ, ನಡುವೆ ಒಂದು ನಿಮಿಷದ ಬಿಡುವು. ಗಂಟೆ ಹೊಡೆಯಿತು.

ಚಾಂಪಿಯನ್ ಅಕ್ಕನಿಗಿಂತ ಒಂದು ಗೇಣು ಎತ್ತರ. ಅವಳ ಎಡಗೈ ಎಲ್ಲಿಂದ ಬರುತ್ತಿತ್ತೋ ಕಾಣುತ್ತಿರಲಿಲ್ಲ. ಅಕ್ಕನ ತಲೆ ಹಿಂದಕ್ಕೆ ಹೋದಾಗಲೇ ಏಟು ಬಿದ್ದದ್ದು ತಿಳಿಯುವುದು. ಅಕ್ಕ ಹತ್ತಿರ ಹೋಗಲು ನೋಡುವಳು, ಆ ಎಡಗೈ ತಡೆಯುವುದು. ಮತ್ತೆ ಹೋಗುವಳು, ಮತ್ತೆ ತಡೆಯುವುದು. ಎರಡು ನಿಮಿಷವಾಗಿರಬೇಕು, ಎಡಗೈಯ ಹಿಂದೆಯೇ ಬಲಗೈ ಬಂತು. ಅಕ್ಕನ ಒಂದು ಮೊಣಕಾಲು ನೆಲ ಮುಟ್ಟಿತು. ರೆಫರಿ ಬೆರಳು ತೋರಿಸುತ್ತ ಎಣಿಸತೊಡಗಿದರು. ಐದಕ್ಕೆ ಎದ್ದಳು. ಎಂಟರವರೆಗೆ ಎಣಿಸಿ, ಕಣ್ಣು ನೋಡಿ, ಆಡಲು ಬಿಟ್ಟರು. ನನ್ನ ಬೆರಳುಗಳು ಟವಲಿನ ಮಡಿಕೆಯೊಳಗೆ ಹೊಕ್ಕಿದ್ದವು.

ಬಿಡುವಿನಲ್ಲಿ ಬಂದು ಸ್ಟೂಲಿನ ಮೇಲೆ ಕೂತಾಗ ಮೂಗಿನಿಂದ ರಕ್ತ ಸುರಿಯುತ್ತಿತ್ತು. ನಾನು ತಣ್ಣೀರು ಅದ್ದಿದ ಹತ್ತಿಯಿಂದ ಒತ್ತಿ ಹಿಡಿದೆ. ಮೂಳೆಯ ಮೇಲೆ ಬೆರಳಿಟ್ಟ ಕೂಡಲೇ ನನಗೆ ಗೊತ್ತಾಯಿತು, ಬಿರುಕು ಬಿಟ್ಟಿದೆ.

"ನೋಯ್ತದಾ?"

"ನೀನ್ ಮುಟ್ದಾಗ ನೋಯ್ತದೆ."

ಸುಬೇದಾರ್ರು ಒಂದೇ ಮಾತು ಹೇಳುತ್ತಿದ್ದರು: "ಗಲ್ಲ ಕೆಳೀಕ್ಕೆ. ಒಳೀಕ್ ನುಗ್ಗು. ದೂರ ನಿಂತ್ರೆ ಅವಳ್ದು, ಹತ್ರ ಹೋದ್ರೆ ನಿಂದು."

ಎರಡನೇ ಸುತ್ತು ಮೊದಲನೆಯದಕ್ಕಿಂತ ಕೆಟ್ಟದಾಗಿ ನಡೆಯಿತು. ಅಕ್ಕ ನುಗ್ಗಿದಳು, ನುಗ್ಗಿದಾಗಲೆಲ್ಲ ತಿಂದಳು. ನಡುವೆ ರೆಫರಿ ಆಟ ನಿಲ್ಲಿಸಿ ರಿಂಗಿನ ಡಾಕ್ಟರನ್ನು ಕರೆದರು. ಡಾಕ್ಟರು ಮೂಗು ನೋಡಿದರು, ಕಣ್ಣಿಗೆ ಟಾರ್ಚ್ ಬಿಟ್ಟರು, ಆಡಬಹುದು ಎಂದು ತಲೆಯಾಡಿಸಿದರು. ಅವರು ತಪ್ಪು ಮಾಡಲಿಲ್ಲ. ಆದರೆ ಅವರಿಗೆ ಕಾಣದ ಒಂದು ನನಗೆ ಕಂಡಿತ್ತು. ಅಕ್ಕ ತಲೆಯನ್ನು ಒಂದು ಕಡೆಗೆ ವಾಲಿಸಿ ನೋಡುತ್ತಿದ್ದಳು. ನಾನು ಹುಟ್ಟಿದಾಗಿನಿಂದ ಅವಳನ್ನು ನೋಡಿದವಳು, ಅವಳು ಹಾಗೆ ನೋಡುವವಳಲ್ಲ.

ಅದೇ ಸುತ್ತಿನ ಕೊನೆಯಲ್ಲಿ ಒಂದು ಸಲ ಅಕ್ಕನ ಎಡಗೈ ಚಾಂಪಿಯನ್‌ಳ ಪಕ್ಕೆಗೆ ಬಿತ್ತು. ಜನ ಗಮನಿಸಲೇ ಇಲ್ಲ. ನಮ್ಮ ಮೂಲೆಯ ಹತ್ತಿರವೇ ಆದದ್ದರಿಂದ "ಹುಂ" ಎಂಬ ಸಣ್ಣ ಸದ್ದು ನನಗೆ ಕೇಳಿಸಿತು. ಗಂಟೆ ಹೊಡೆಯಿತು.

ಆ ಒಂದು ನಿಮಿಷ ನನಗೆ ಇನ್ನೂ ಪೂರ್ತಿ ನೆನಪಿದೆ. ಮಂಡಿಯೂರಿ ಅವಳ ಎದುರು ಕೂತು ಎರಡು ಬೆರಳು ತೋರಿಸಿದೆ.

"ಎಷ್ಟು?"

ಅವಳು ನೋಡಿದಳು. "ಎಲ್ಡು."

ಉತ್ತರ ಸರಿಯಿತ್ತು. ಆದರೆ ತಡವಾಗಿ ಬಂತು. ವಾರ್ಡಿನಲ್ಲಾಗಿದ್ದರೆ ಕೇಸ್ ಶೀಟಿನಲ್ಲಿ ಬರೆದು ಡಾಕ್ಟರಿಗೆ ಫೋನ್ ಮಾಡುತ್ತಿದ್ದೆ.

"ಬೆಳಿಗ್ಗೆ ಏನ್ ತಿಂದೆ?"

"ನಿನ್ ತಿಥಿ. ಬಾಳೆಣ್ಣು ಕಣಮ್ಮಿ, ನೀನೇ ಅಲ್ವಾ ಸುಲ್ಕೊಟ್ಟಿದ್ದು?" ಈ ಸಲ ಉತ್ತರ ಬೇಗ ಬಂತು. ಸಿಟ್ಟೂ ಬಂದಿತ್ತು. ಸಿಟ್ಟು ಬಂದದ್ದು ಒಳ್ಳೆಯದು ಅಂದುಕೊಂಡೆ. ಒಳ್ಳೆಯದೇ ಎಂದು ನನಗೆ ನಾನೇ ಹೇಳಿಕೊಂಡೆನೇನೋ.

"ಅಕ್ಕ, ಸಾಕು ಬುಡು. ಎರಡು ಸುತ್ತೂ ಓಯ್ತು. ಪಾಯಿಂಟಲ್ಲಿ ಗೆಲ್ಲಕ್ಕಾಗಲ್ಲ."

ಅವಳು ಮುಂದಕ್ಕೆ ಬಾಗಿದಳು. ರಕ್ತದ ವಾಸನೆ ನನ್ನ ಮುಖಕ್ಕೆ ಬಡಿಯಿತು. "ಅವ್ಳ ಉಸ್ರು ನೋಡ್ದಾ? ಬಾಯ್ ತಗ್ದು ಎಳೀತಾವ್ಳೆ. ನಾಕ್ ವರ್ಸದಿಂದ ಮೂರ್ನೇ ಸುತ್ಗೆ ಯಾರೂ ಅವಳ್ನ ಕರ್ಕಂಡ್ ಓಗಿಲ್ಲ. ಮಂಡೀಲಿ ನಲ್ವತ್ನೇ ಮೂಟೆ ಎತ್ತೋವಾಗ ಹಮಾಲಿಗ್ಳು ಇಂಗೇ ಉಸ್ರು ಎಳೆಯೋದು. ಆಮ್ಯಾಕೆ ಎಲ್ಡೇ ಮೂಟೆ. ಕುಂತ್ಬುಡ್ತಾರೆ."

ಎದುರು ಮೂಲೆ ನೋಡಿದೆ. ಚಾಂಪಿಯನ್‌ಳ ಹೊಟ್ಟೆ ಏರಿಳಿಯುತ್ತಿತ್ತು. ಅವಳ ಕಡೆಯವರು ಬಕೆಟ್ಟಿನ ನೀರನ್ನು ಕುತ್ತಿಗೆಗೆ ಸುರಿಯುತ್ತಿದ್ದರು. ಸುಬೇದಾರ್ರನ್ನು ನೋಡಿದೆ. ಅವರು ಹೇಳಿದ್ದ ಹಾಗೆಯೇ ನನ್ನ ಕಡೆ ತಿರುಗಲಿಲ್ಲ. ಟವಲನ್ನು ಎಸೆಯಲಿಲ್ಲ, ಕೆಳಗೂ ಇಡಲಿಲ್ಲ.

ಮೂರನೇ ಸುತ್ತು. ಮೊದಲ ನಿಮಿಷ ಚಾಂಪಿಯನ್ ಮುಗಿಸಿಬಿಡಲು ಬಂದಳು. ಅವಳಿಗೂ ತನ್ನ ಉಸಿರಿನ ಲೆಕ್ಕ ಗೊತ್ತಿತ್ತು. ಎಡಗೈ, ಬಲಗೈ, ಎಡಗೈ. ಅಕ್ಕ ಹಗ್ಗಕ್ಕೆ ಒರಗಿದಳು. ಹಗ್ಗ ನಮ್ಮ ಕಡೆಗೇ ಬಾಗಿ ಬಂತು, ಅವಳ ಬೆನ್ನಿನ ಬೆವರು ನನ್ನ ಕೈಗೆ ಸಿಡಿಯಿತು. ನಾನು ಮೆಟ್ಟಿಲ ಮೇಲೆ ಒಂದು ಕಾಲಿಟ್ಟೆ. ಟವಲನ್ನು ಉಂಡೆ ಮಾಡಿದೆ. ಮೂರು ಎಣಿಸುತ್ತೇನೆ, ಮೂರಕ್ಕೆ ಎಸೆಯುತ್ತೇನೆ ಎಂದು ನಿರ್ಧರಿಸಿದೆ. ಅದು ಯೋಚಿಸಿ ಮಾಡಿದ ನಿರ್ಧಾರ. ಇಲ್ಲಿಯವರೆಗೆ ಯಾರಿಗೂ ಹೇಳಿಲ್ಲ.

ಒಂದು ಎಂದೆ. ಅಕ್ಕನ ತಲೆಗೆ ಎಡಗೈ ಬಿತ್ತು.

ಎರಡು ಎಂದೆ. ಬಲಗೈ ಬರುತ್ತಿತ್ತು. ಅಕ್ಕ ಹಿಂದೆ ಸರಿಯಲಿಲ್ಲ. ಬಗ್ಗಿ ಮುಂದಕ್ಕೇ ಹೋದಳು. ಏಟು ಶಿರಸ್ತ್ರಾಣದ ಮೇಲೆ ಜಾರಿತು. ಮೂಟೆಯಡಿಗೆ ಭುಜ ಕೊಡುತ್ತಾಳಲ್ಲ, ಹಾಗೆ ಅವಳ ಎದೆಯಡಿಗೆ ಭುಜ ಕೊಟ್ಟು ನಿಂತಳು. ಎಡಗೈ ಪಕ್ಕೆಗೆ, ಬಲಗೈ ಪಕ್ಕೆಗೆ, ಮತ್ತೆ ಎಡಗೈ. ಚಾಂಪಿಯನ್‌ಳ ಎರಡೂ ಕೈ ಹೊಟ್ಟೆ ಕಾಯಲು ಕೆಳಗಿಳಿದವು. ಅಕ್ಕನ ಬಲಗೈ ಕೆಳಗಿನಿಂದ ಎದ್ದು ಗಲ್ಲಕ್ಕೆ ಬಡಿಯಿತು.

ಚಾಂಪಿಯನ್ ಕೂತಳು. ಬಿದ್ದಳು ಅನ್ನಲಾರೆ, ಬೆನ್ನು ನೆಟ್ಟಗಿಟ್ಟುಕೊಂಡು, ಕಾಲು ಚಾಚಿ, ಜಗುಲಿಯ ಮೇಲೆ ಕೂತ ಹಾಗೆ ಕೂತುಬಿಟ್ಟಳು. ರೆಫರಿ ಎಣಿಸತೊಡಗಿದರು. ಆರಕ್ಕೆ ಎದ್ದಳು. ಎಂಟು. "ಬಾಕ್ಸ್!" ಎಂದರು ರೆಫರಿ.

ಇನ್ನೂ ಒಂದು ನಿಮಿಷಕ್ಕಿಂತ ಹೆಚ್ಚು ಸಮಯವಿತ್ತು. ಅಷ್ಟು ಹೊತ್ತು ಚಾಂಪಿಯನ್ ತಪ್ಪಿಸಿಕೊಂಡು ನಿಂತರೂ ಸಾಕಿತ್ತು, ಪಾಯಿಂಟು ಅವಳದೇ. ಅವಳು ಅಕ್ಕನನ್ನು ತಬ್ಬಿ ಹಿಡಿದಳು, ರೆಫರಿ ಬಿಡಿಸಿದರು. ಮತ್ತೆ ತಬ್ಬಿದಳು, ಮತ್ತೆ ಬಿಡಿಸಿದರು. ಅಕ್ಕನ ಕಾಲೂ ಎಳೆಯುತ್ತಿತ್ತು. ಹಿಂದಿನಿಂದ ಮಂಡಿಯವರು ಕಿರುಚುತ್ತಿದ್ದರು. ನಾನೂ ಕಿರುಚುತ್ತಿದ್ದೆನಂತೆ, ನನಗೆ ನೆನಪಿಲ್ಲ. ಅಕ್ಕ ಅವಳನ್ನು ಎದುರಿನ ಹಗ್ಗಕ್ಕೆ ತಂದು ನಿಲ್ಲಿಸಿದಳು. ಅಲ್ಲಿ ಐದೋ ಆರೋ ಏಟು. ಚಾಂಪಿಯನ್ ಯಾವುದಕ್ಕೂ ತಿರುಗಿ ಕೈ ಎತ್ತಲಿಲ್ಲ. ರೆಫರಿ ಇಬ್ಬರ ನಡುವೆ ನುಗ್ಗಿ ಅವಳನ್ನು ಎರಡೂ ತೋಳಿನಿಂದ ಬಳಸಿ ಹಿಡಿದು, ಕೈ ಬೀಸಿದರು. ಮುಗಿಯಿತು.

ಮೈಕಿನವರು ರೂಢಿಯ ಮೇಲೆ "ಕೆಂಪು ಮೂಲೆ..." ಎಂದು ಚಾಂಪಿಯನ್‌ಳ ಮೂಲೆಯನ್ನೇ ಹೇಳಲು ಶುರುಮಾಡಿ, ಯಾರೋ ತೋಳು ಜಗ್ಗಿದ ಮೇಲೆ, "ಕ್ಷಮಿಸಿ, ನೀಲಿ ಮೂಲೆ," ಎಂದು ತಿದ್ದಿಕೊಂಡರು. ರೆಫರಿ ಅಕ್ಕನ ಕೈ ಎತ್ತಿದಾಗ ಅವಳು ಅದೇ ವಾಲಿದ ತಲೆಯಲ್ಲಿ ಜನರನ್ನು ನೋಡುತ್ತಿದ್ದಳು. ಸುಬೇದಾರ್ರು ರಿಂಗಿನ ಅಂಚಿಗೆ ಹಣೆಯಿಟ್ಟು ನಿಂತಿದ್ದರು. ನಾನು ಟವಲಿನಲ್ಲಿ ನನ್ನ ಮುಖ ಒರೆಸಿಕೊಂಡೆ.

ಬಟ್ಟೆ ಬದಲಿಸುವ ಕೋಣೆಯಲ್ಲಿ ಇಬ್ಬರನ್ನೂ ಒಂದೇ ಬೆಂಚಿನ ಮೇಲೆ ಕೂರಿಸಿದರು. ಡಾಕ್ಟರು ನೋಡಿ ಹೋದ ಮೇಲೆ ನಾನು ಇಬ್ಬರಿಗೂ ಐಸ್ ಕಟ್ಟಿಕೊಟ್ಟೆ. ಚಾಂಪಿಯನ್‌ಳ ಮುಖ ಒದ್ದೆಯಾಗಿತ್ತು. ಅತ್ತಿದ್ದಳೋ ಬೆವರೋ ಹೇಳಲು ಬರುತ್ತಿರಲಿಲ್ಲ. ಆಮೇಲೆ ಅಕ್ಕನ ಕಡೆ ತಿರುಗಿದಳು.

"ಏನ್ ಕೆಲಸ ಮಾಡ್ತೀರಾ?"

"ಈರುಳ್ಳಿ ಮಂಡೀಲಿ ಇವ್ನಿ."

"ನಾನು ಸುಸ್ತಾಗಿದ್ದು ಯಾವಾಗ ಗೊತ್ತಾಯ್ತು?"

"ಎಲ್ಡ್ನೇ ಸುತ್ತಲ್ಲಿ. ಪಕ್ಕೆಗೆ ಬಿದ್ದಾಗ."

ಅವಳು ತಲೆಯಾಡಿಸಿದಳು. "ನನ್ನ ಮೂಲೆಯವರಿಗೇ ಗೊತ್ತಾಗಲಿಲ್ಲ," ಎಂದಳು. ಅವಳು ಹಿಡಿದಿದ್ದ ಐಸಿನ ಪೊಟ್ಟಣ ಕರಗಿರಲಿಲ್ಲ, ಅಕ್ಕನದು ಕರಗಿ ನೀರಾಗಿತ್ತು. ತನ್ನದನ್ನು ತೆಗೆದು ಅಕ್ಕನ ಮೂಗಿನ ಮೇಲಿಟ್ಟಳು.

ನಾನು ಹಟ ಹಿಡಿದು ಅಕ್ಕನನ್ನು ಸ್ಕ್ಯಾನಿಂಗಿಗೆ ಕರೆದುಕೊಂಡು ಹೋದೆ. ತಲೆಯೊಳಗೆ ಏನೂ ಆಗಿರಲಿಲ್ಲ. ಮೂಗಿನ ಮೂಳೆ ಬಿರಿದಿತ್ತು. ನಾನು ವರದಿಯನ್ನು ನಿಂತಲ್ಲೇ ಮತ್ತೆ ಮತ್ತೆ ಓದುವುದು ಕಂಡು ಅಲ್ಲಿನ ಟೆಕ್ನಿಷಿಯನ್ ನನಗೇ ಕುರ್ಚಿ ಕೊಟ್ಟ. ಒಳಗೆ ರಕ್ತ ಸೋರಿದ್ದರೆ ಇದೇ ಗೆಲುವನ್ನು ನಾನು ಏನೆಂದು ಕರೆಯುತ್ತಿದ್ದೆ? ಈಗಲೂ ಒಮ್ಮೊಮ್ಮೆ ಪೇಷಂಟ್ ಮುಂದೆ ಬೆರಳು ಹಿಡಿದು "ಎಷ್ಟು?" ಎಂದು ಕೇಳುವಾಗ ಆ ತಡವಾದ ಉತ್ತರ ಕಿವಿಯಲ್ಲಿ ಬಂದು ಹೋಗುತ್ತದೆ.

ಸಂಜೆ ಗುಂಡ್ಲುಪೇಟೆ ಬಸ್ ಸ್ಟ್ಯಾಂಡಿನಲ್ಲಿ ಇಳಿದಾಗ ಬೆಟ್ಟದ ಕಡೆಯ ಬಸ್ಸಿನಿಂದ ಅಮ್ಮನೂ ಆಗ ತಾನೇ ಇಳಿದಿದ್ದಳು. ಅಕ್ಕನ ಮುಖ ಊದಿ, ಒಂದು ಕಣ್ಣು ಮುಚ್ಚಿ, ಮೂಗಿಗೆ ಪ್ಲಾಸ್ಟರು. ಅಮ್ಮ ಓಡಿಬಂದು ಅವಳ ಎರಡೂ ಕೈ ಹಿಡಿದಳು.

"ಓಗ್ಲಿ ಬುಡು ಮಗ. ಸೋತ್ರೆ ಏನಾಯ್ತು ಈಗ? ಅತ್ಕಬ್ಯಾಡ. ನಾಳೆ ಮಂಡೀಗೆ ರಜ ಆಕು. ಮುದ್ದೆ ಉಣ್ಣಕ್ಕಾಗ್ದಿದ್ರೆ ಗಂಜಿ ಕಾಯ್ಸ್ಕೊಡ್ತೀನಿ."

ಅಕ್ಕ ಮಾತಾಡಲು ಬಾಯಿ ತೆರೆದರೆ ಅಮ್ಮ ಬಿಡಲೊಲ್ಲಳು. ಇನ್ನು ಆ ಊರಿನ ಕಡೆ ಹೋಗುವುದೇ ಬೇಡ, ಆ ಸುಬೇದಾರ್ರಿಗೆ ನಾನೇ ಹೇಳುತ್ತೇನೆ ಎಂದು ನಿಂತಲ್ಲೇ ಸಮಾಧಾನ ಮಾಡುತ್ತಲೇ ಇದ್ದಳು. ಕೊನೆಗೆ ನಾನು, "ಅವ್ವಾ, ಅಕ್ಕ ಗೆದ್ದವ್ಳೆ," ಅಂದೆ.

ಅಮ್ಮ ನನ್ನ ಮುಖ ನೋಡಿದಳು, ಅಕ್ಕನ ಮುಖ ನೋಡಿದಳು.

"ಗೆದ್ದೋಳ ಮೂತಿ ಇಂಗಾ?"

"ಊಂ ಕಣವ್ವ."

"ಅಯ್ಯೋ," ಎಂದಳು ಅಮ್ಮ ಕೈ ಬಿಟ್ಟು. "ಅಂಗಾರೆ ಸೋತಿರೋ ಆ ಮಗ ಎಂಗದೆ? ಅವಳ ತಾವ ಯಾರವ್ರೆ?"

ಆ ಪ್ರಶ್ನೆಗೆ ಅಕ್ಕ ಬಸ್ ಸ್ಟ್ಯಾಂಡಿನಲ್ಲೇ ಅಳಲು ಶುರುಮಾಡಿದಳು. ರಿಂಗಿನಲ್ಲಿ ಒಂದು ಹನಿ ಹಾಕದವಳು, ಜನ ನೋಡುತ್ತಾರೆಂಬುದನ್ನೂ ಮರೆತು ಅತ್ತಳು.

ರಾಷ್ಟ್ರ ಮಟ್ಟದ ಪಂದ್ಯಕ್ಕೆ ಮೂರು ವಾರವಿದ್ದಾಗ ಆ ಚಾಂಪಿಯನ್ ಫೋನ್ ಮಾಡಿ, ತನ್ನ ಜೊತೆ ಅಭ್ಯಾಸಕ್ಕೆ ಬರುವಂತೆ ಕರೆದಳು. ಅಕ್ಕ ಹತ್ತು ದಿನ ಹೋಗಿ ಅವಳ ಮನೆಯಲ್ಲೇ ಇದ್ದು ಬಂದಳು. ಪಂದ್ಯದಲ್ಲಿ ಮೊದಲ ಸುತ್ತಿನ ಎದುರಾಳಿಗೇ ಸೋತಳು, ಪಾಯಿಂಟಿನಲ್ಲಿ. ನಾನು ಡ್ಯೂಟಿಯಲ್ಲಿದ್ದೆ, ಹೋಗಲಾಗಿರಲಿಲ್ಲ. ಸಂಜೆ ಅವಳೇ ಫೋನ್ ಮಾಡಿದಳು. ಎಷ್ಟು ಪೆಟ್ಟಾಯಿತು ಎಂದು ಕೇಳಿದೆ. "ಏನೂ ಇಲ್ಲ ಕಣಮ್ಮಿ," ಅಂದಳು, "ಅವ್ಳು ಚಂದಾಗಿ ಆಡುದ್ಲು." ಆಮೇಲೆ ಊಟ ಹೇಗಿದೆ, ರೈಲು ಎಷ್ಟಕ್ಕೆ ಎಂದೆಲ್ಲ ಹೇಳಿ ಫೋನಿಟ್ಟಳು.